ಬಾಯ್ಲರ್ ರೂಮಿನ ವಾಕ್ಯ

"ಸೀರೆ ಎಲ್ಲೈತೆ ಅಂತ ಗೊತ್ತಾದ್ಮೇಲೆ ನಿಮ್ಮಾವನ್ನ ಇಟ್ಕಂಡು ಅವ್ರೇನು ಮಾಡ್ತಾರೆ? ಅದನ್ನ ಹೇಳು ನಂಗೆ."

ಶಶಿರೇಖಾಳ ಬೆರಳು ಮೌಸಿನ ಮೇಲೆಯೇ ನಿಂತಿತು. ಆದರೆ ನಿಲ್ಲಬೇಕಾದ ಹೊತ್ತು ಮೀರಿಹೋಗಿತ್ತು. ಎರಡು ಮೇಲ್‌ಗಳೂ ಆಗಲೇ ಹೊರಟಿದ್ದವು, ಒಂದು ಜರ್ಮನಿಗೆ, ಇನ್ನೊಂದು ನಾಯಕನಹಟ್ಟಿಗೆ.

ಅತ್ತೆ ಮುದ್ದಕ್ಕ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಸ್ಟೀಲಿನ ಟಿಫಿನ್ ಡಬ್ಬಿ. ಡಬ್ಬಿಯೊಳಗೆ ಒದ್ದೆ ಬಟ್ಟೆ, ಬಟ್ಟೆಯೊಳಗೆ ಗಂಡನ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಬಾಟಲಿ. ಮೊಳಕಾಲ್ಮೂರಿನ ಮನೆಯಲ್ಲಿ ನೀರಿನ ಮಡಕೆಯ ಪಕ್ಕ, ತಂಪು ಮರಳಿನಲ್ಲಿ ಕೂತಿರುತ್ತಿದ್ದ ಬಾಟಲಿ. ಗಂಡ ಕಾಣೆಯಾದಾಗಿನಿಂದ ಅದನ್ನು ಅವಳು ಕೆಳಗಿಟ್ಟಿಲ್ಲ. ಎಲ್ಲಿ ಸಿಕ್ಕರೆ ಅಲ್ಲೇ ಚುಚ್ಚಬೇಕಲ್ಲ.

"ಅತ್ತೆ, ಸೀರೆ ಅಲ್ಲಿಲ್ಲ. ಸುಮ್ನೆ ಬರ್ದಿದೀನಿ."

"ಅದು ನಿಂಗೆ ಗೊತ್ತು, ನಂಗೆ ಗೊತ್ತು. ಅವ್ರಿಗೆ? ಸಿಕ್ತು ಅಂದ್ಕಂಡು ನಿಮ್ಮಾವನ್ನ ಎತ್ತಾಗಾದ್ರೂ ಎಸೆದುಬಿಟ್ರೆ?"

ರಾತ್ರಿಯೆಲ್ಲ ಶಶಿರೇಖಾ ಈ ಉಪಾಯದ ಮೂಲೆಮೂಲೆಯನ್ನೂ ತಡಕಿದ್ದಳು. ಈ ಒಂದು ಮೂಲೆಗೆ ಮಾತ್ರ ಕೈ ಹಾಕಿರಲಿಲ್ಲ. ಹಾಕಲು ಹೆದರಿದ್ದಳು ಅಂದರೂ ಸರಿಯೇ.

ಸೋಮವಾರ ಸಂಜೆ ಮುದ್ದಕ್ಕ ಅಂಗಡಿಯಿಂದ ಮನೆಗೆ ಬಂದಾಗ ಮಗ್ಗದ ಮೇಲೆ ಹಾಸು ಹಾಗೇ ಇತ್ತು. ಲಾಳಿ ಅರ್ಧ ದಾರಿಯಲ್ಲಿ ನಿಂತಿತ್ತು. ಗಂಡ ಸೂರಪ್ಪನ ಚಪ್ಪಲಿ ಬಾಗಿಲಲ್ಲೇ ಇದ್ದವು. ಮೂಲೆಯ ಟ್ರಂಕಿನ ಬೀಗ ಒಡೆದಿತ್ತು, ಅದರೊಳಗಿನ ಸೀರೆ ಇರಲಿಲ್ಲ. ಕಳ್ಳ ಸೀರೆಯನ್ನೂ ಒಯ್ದ, ಮನುಷ್ಯನನ್ನೂ ಒಯ್ದ ಎಂದು ಓಣಿಯವರು ಬಾಯಿ ಬಡಿದುಕೊಳ್ಳುತ್ತಿದ್ದಾಗಲೇ ಮುದ್ದಕ್ಕನ ಫೋನು ರಿಂಗಾಗಿತ್ತು. ಬಟ್ಟೆ ಅಡ್ಡ ಹಿಡಿದು ಮಾತಾಡಿದಂಥ ಗಂಡಸಿನ ದನಿ: 'ನಿನ್ ಗಂಡ ಸೀರೆ ಎಲ್ಲಿ ಬಚ್ಚಿಟ್ಟವ್ನೆ? ಅವ್ನು ಬಾಯಿ ಬಿಡ್ತಿಲ್ಲ. ನೀನಾದ್ರೂ ಬಿಡು.'

ಆಮೇಲೆ ಆ ನಂಬರು ಸತ್ತುಹೋಯಿತು. ಪೊಲೀಸರು ರಾಯದುರ್ಗದ ದಾರಿಯಲ್ಲಿ ಹುಡುಕುತ್ತಿದ್ದಾರೆ.

ಅಂದರೆ ಮಾವ ಮೊದಲೇ ಏನೋ ವಾಸನೆ ಹಿಡಿದು ಸೀರೆಯನ್ನು ಬೇರೆಲ್ಲೋ ಸಾಗಿಸಿದ್ದ. ಎಲ್ಲಿಗೆಂದು ಹೆಂಡತಿಗೂ ಹೇಳಿರಲಿಲ್ಲ. ಅದು ಅವನ ತಾತ ನೇಯ್ದ ಸೀರೆ. ನವಿಲುಗತ್ತಿನ ಬಣ್ಣ. ಹೀಗೆ ಹಿಡಿದರೆ ಹಸಿರು, ಹಾಗೆ ಹಿಡಿದರೆ ನೀಲಿ. ಅಂಥ ಅಂಚನ್ನು ನೇಯಬಲ್ಲವರು ಈಗ ಮೊಳಕಾಲ್ಮೂರಿನಲ್ಲಿ ಯಾರೂ ಉಳಿದಿಲ್ಲ. ಜರ್ಮನಿಯ ಒಂದು ಸಂಗ್ರಹಾಲಯ ಅದನ್ನು ಪ್ರದರ್ಶನಕ್ಕೆಂದು ಕೇಳಿತ್ತು. ಇಂಗ್ಲಿಷಿನಲ್ಲಿದ್ದ ಆ ಕಾಗದಪತ್ರಗಳನ್ನು ಜರ್ಮನ್‌ಗೆ ಮಾಡಿಕೊಡುವ ಕೆಲಸ ಶಶಿರೇಖಾಳದ್ದೇ.

ತಪ್ಪಾದದ್ದು ಅಲ್ಲಿ.

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಮಹಡಿಯ ಕೋಣೆಯಲ್ಲಿ ಕೂತು ಇಂಗ್ಲಿಷನ್ನು ಜರ್ಮನ್‌ಗೆ ದಾಟಿಸುವ ಹೆಣ್ಣಿಗೆ ಪದವೊಂದು ಗಂಟಲಲ್ಲಿ ಸಿಕ್ಕಿಕೊಂಡರೆ, ಕೇಳಲು ಪಕ್ಕದ ಮನೆಯಿಲ್ಲ. ಮಿಲ್ಲಿನ ಹಮಾಲಿಗಳು ಅವಳನ್ನು 'ಜರ್ಮನ್ ಅಕ್ಕ' ಅನ್ನುತ್ತಾರೆ, ಅಷ್ಟೇ. ನಿಘಂಟು ಕೈಕೊಟ್ಟಾಗ ಅವಳು ಇಬ್ಬರನ್ನು ಕೇಳುತ್ತಾಳೆ. ಒಬ್ಬಳು ಹೈಡೆ, ಜರ್ಮನಿಯ ಯಾವುದೋ ಸಣ್ಣ ಊರಿನ ನಿವೃತ್ತ ಅನುವಾದಕಿ. ಅನುವಾದಕರ ಆನ್‌ಲೈನ್ ಕೂಟದಲ್ಲಿ ಪರಿಚಯವಾದವಳು, ಮುಖ ಕಂಡಿಲ್ಲ. ಇನ್ನೊಬ್ಬರು ಸಿದ್ದಲಿಂಗೇಶ್ ಸರ್, ಬೆಂಗಳೂರಿನ ಸಂಜೆ ತರಗತಿಯಲ್ಲಿ ಅವಳಿಗೆ ಜರ್ಮನ್ ಕಲಿಸಿದವರು. ಈಗ ನಿವೃತ್ತರಾಗಿ ತಮ್ಮೂರು ನಾಯಕನಹಟ್ಟಿಯಲ್ಲಿದ್ದಾರೆ.

ಬರಿಯ ಪದ ಕೇಳಿದರೆ ಯಾರೂ ಉತ್ತರ ಹೇಳುವುದಿಲ್ಲ. ಇಡೀ ವಾಕ್ಯ ಕೊಡಬೇಕು, ಸಂದರ್ಭ ಕೊಡಬೇಕು. ಗಿರಾಕಿಯ ಗುಟ್ಟು ಹೊರಗೆ ಹೋಗದಂತೆ ವಾಕ್ಯದೊಳಗಿನ ಹೆಸರುಗಳನ್ನು ಬದಲಿಸಿ ಕೊಡಬೇಕು. ಅದು ಈ ಕಸುಬಿನ ಮಡಿ. ಹೋದ ತಿಂಗಳು ಸೀರೆಯ ವರ್ಣನೆಯಲ್ಲಿ, ಹಿಡಿದಂತೆ ಬಣ್ಣ ಬದಲಿಸುವ ರೇಷ್ಮೆಗೆ 'ಶಾಟ್ ಸಿಲ್ಕ್' ಎಂದು ಬಂದಾಗ ಶಶಿರೇಖಾ ಇಬ್ಬರನ್ನೂ ಕೇಳಿದ್ದಳು. ಸೂರಪ್ಪನ ಹೆಸರು ತೆಗೆದು ಜಂಬುಲಿಂಗಪ್ಪ ಎಂದು ಹಾಕಿದ್ದಳು. ಉಳಿದದ್ದನ್ನು ಬದಲಿಸಬೇಕೆಂದು ತೋಚಲೇ ಇಲ್ಲ. ಮೊಳಕಾಲ್ಮೂರು ಹಾಗೇ ಇತ್ತು. ಮಗ್ಗದ ಕೋಣೆ ಹಾಗೇ ಇತ್ತು. ಮೂಲೆಯ ಟ್ರಂಕು ಹಾಗೇ ಇತ್ತು.

ಇಬ್ಬರೂ ಒಂದೇ ಪದ ಕೊಟ್ಟರು, 'ಶಾಂಜಾಂ'. ಕೊಡುವ ಮೊದಲು ಇಬ್ಬರೂ ಸಂದರ್ಭ ಕೇಳಿದರು. ಅವಳು ಕೊಟ್ಟಳು, ಬಾಯ್ತುಂಬ ಕೊಟ್ಟಳು. ಆ ವಾಕ್ಯವನ್ನು ಓದಿದವರು ಲೋಕದಲ್ಲಿ ಇಬ್ಬರೇ.

ಹಾಗಾಗಿ ಇವತ್ತು ಬೆಳಿಗ್ಗೆ ಮತ್ತೆ ಇಬ್ಬರಿಗೂ ಒಂದು ಪ್ರಶ್ನೆ. ಬಟ್ಟೆಯನ್ನು ಮುಟ್ಟಿದಾಗ ಬೆರಳಿಗೆ ಆಗುವ ಅನುಭವಕ್ಕೆ ಇಂಗ್ಲಿಷಿನವರು 'ಹ್ಯಾಂಡ್' ಅನ್ನುತ್ತಾರಲ್ಲ, ಅದಕ್ಕೆ ಜರ್ಮನ್‌ನಲ್ಲಿ ಏನು? ವಾಕ್ಯ: 'ಇಟ್ಟಿರುವ ಜಾಗದಿಂದ ಸೀರೆಯನ್ನು ಹೊರತೆಗೆಯುವ ಮೊದಲು ಅದರ ಹ್ಯಾಂಡ್ ಪರೀಕ್ಷಿಸತಕ್ಕದ್ದು.' ಹೈಡೆಗೆ ಕಳಿಸಿದ್ದರಲ್ಲಿ ಇಟ್ಟಿರುವ ಜಾಗ ಮೊಳಕಾಲ್ಮೂರಿನ ಮನೆಯ ಹಿಂದಿನ, ನೂಲಿಗೆ ಬಣ್ಣ ಹಾಕುವ ಕೊಟ್ಟಿಗೆ. ಸರ್‌ಗೆ ಕಳಿಸಿದ್ದರಲ್ಲಿ ಚಳ್ಳಕೆರೆಯ ಈ ಮಿಲ್ಲಿನ ಹಳೆ ಬಾಯ್ಲರ್ ರೂಮು.

ಯಾವ ಜಾಗಕ್ಕೆ ಜನ ಬರುತ್ತಾರೋ ಆ ಜಾಗದ ವಾಕ್ಯ ಓದಿದವರೇ ಕಳ್ಳರು. ಬಂದವರ ಮುಖ ನೋಡುವುದು, ಪೊಲೀಸರಿಗೆ ಫೋನ್ ಮಾಡುವುದು. ಕೊಟ್ಟಿಗೆಯ ಮೇಲೆ ಪಕ್ಕದ ಮನೆಯ ಬೊಮ್ಮಣ್ಣ ಕಣ್ಣಿಟ್ಟಿದ್ದಾನೆ. ಬಾಯ್ಲರ್ ರೂಮಿನ ಬಾಗಿಲು ಶಶಿರೇಖಾಳ ಕಿಟಕಿಯಿಂದ ನೇರ ಕಾಣುತ್ತದೆ. ಆ ಜಾಗ ಆರಿಸಿದ್ದೇ ಅದಕ್ಕೆ.

"ಸುಳ್ಳು ಹೇಳಾಕೂ ಜರ್ಮನ್ ಬೇಕಾತೇನೇ ನಿಂಗೆ? ನಮ್ಮ ಕಾಲ್ದಾಗೆ ಕನ್ನಡದಾಗೇ ಹೇಳ್ತಿದ್ವಿ" ಅಂದಳು ಮುದ್ದಕ್ಕ.

ಕಂಪ್ಯೂಟರು ಟಿಣ್ ಅಂದಿತು. ಇಬ್ಬರೂ ಬೆಚ್ಚಿಬಿದ್ದರು.

ಹೈಡೆ. ಶಶಿರೇಖಾ ಅದನ್ನು ಅತ್ತೆಗೆ ಕನ್ನಡ ಮಾಡಿ ಓದಿದಳು: "ಪ್ರೀತಿಯ ಶಶಿ, ದಯವಿಟ್ಟು 'ಕೈ' ಎಂದು ಬರೆಯಬೇಡ. ಸೀರೆಯೊಳಗೆ ಯಾರದೋ ಕತ್ತರಿಸಿದ ಕೈ ಬರುತ್ತಿದೆಯೆಂದು ಸಂಗ್ರಹಾಲಯದವರು ಕಿರುಚಿಯಾರು. ಬಟ್ಟೆಯ ವಿಷಯದಲ್ಲಿ ನಾವು 'ಗ್ರಿಫ್' ಅನ್ನುತ್ತೇವೆ. ಒಂದು ಮಾತು. ಬಣ್ಣ ಹಾಕುವ ಕೊಟ್ಟಿಗೆಯಲ್ಲಿ ತೇವ ಇರುವುದಿಲ್ಲವೆ? ಹಳೆಯ ರೇಷ್ಮೆಯನ್ನು ಅಲ್ಲಿ ಏಕೆ ಇಟ್ಟಿದ್ದಾರೆ? ಅಲ್ಲಿಂದ ಬೇಗ ತೆಗೆಸು."

"ನೋಡ್ದಾ!" ಮುದ್ದಕ್ಕ ನೆಟ್ಟಗೆ ಕೂತಳು. "ಬೇಗ ತೆಗೆಸು ಅಂತಾಳೆ. ಇವಳೇ! ದೇವುಡಾ, ನಮ್ಮನೆ ಕೊಟ್ಟಿಗೆ ಕಟ್ಕಂಡು ಈ ಮುದುಕಿಗೇನು?"

ಶಶಿರೇಖಾಳಿಗೂ ಹಾಗೇ ಅನ್ನಿಸಿತು. ಬೊಮ್ಮಣ್ಣನಿಗೆ ಫೋನ್ ಮಾಡಿದಳು.

"ಏನಿಲ್ಲಮ್ಮ. ಒಂದು ಮೇಕೆ ಬಂದಿತ್ತು, ಓಡಿಸ್ದೆ" ಅಂದ ಅವನು.

ಮತ್ತೆ ಟಿಣ್. ಈ ಸಲ ಸರ್. ಎರಡೇ ಸಾಲು. ಯೋಚಿಸಿ ಹೇಳುತ್ತೇನೆ, ಸಂದರ್ಭ ಬೇಕು. ಆ ಬಾಯ್ಲರ್ ರೂಮಿಗೆ ಬೀಗ ಇದೆಯೇ?

ಶಶಿರೇಖಾ ಆ ಸಾಲನ್ನು ಓದಿದಳು, ಇನ್ನೊಮ್ಮೆ ಓದಿದಳು. ಅವಳಿಗೆ ಚಳಿಯಾಯಿತು. ಕೆಳಗೆ ಶೇಂಗಾ ಅರೆಯುವ ಯಂತ್ರಗಳು ಗುಡುಗುತ್ತಿದ್ದವು, ನೆಲ ಸಣ್ಣಗೆ ನಡುಗುತ್ತಿತ್ತು, ಹಿಂಡಿಯ ಬಿಸಿ ವಾಸನೆ ಕಿಟಕಿಯಲ್ಲಿ ತುಂಬಿತ್ತು. ಆದರೂ ಚಳಿ.

ಹೋದ ತಿಂಗಳೂ ಸರ್ ಹೀಗೇ ಕೇಳಿದ್ದರು. ಟ್ರಂಕಿಗೆ ಬೀಗ ಇದೆಯೇ? ಆ ಕೋಣೆಯಲ್ಲಿ ಯಾರಾದರೂ ಮಲಗುತ್ತಾರೆಯೇ? ಆಗ ಅವಳಿಗೆ ಎಷ್ಟು ಹೆಮ್ಮೆಯಾಗಿತ್ತು! ಈ ವಯಸ್ಸಿನಲ್ಲೂ ಒಂದು ಪದಕ್ಕೆ ಇಷ್ಟು ಕೆದಕುವ ಮೇಷ್ಟ್ರು ಎಂದು.

"ಏನಂತೆ?" ಮುದ್ದಕ್ಕ ಕೇಳಿದಳು.

"ಬೀಗ ಐತಾ ಅಂತ."

"ಯಾರು? ಆ ನಾಯಕನಹಟ್ಟಿ ಮೇಷ್ಟ್ರಾ? ನಿನ್ ಮದ್ವೇಲಿ ಪಂಚೆ ಉಟ್ಕಂಡು ಬಂದು ಬಡಿಸಿದ್ರಲ್ಲೇ ಅವ್ರು!"

'ಬೀಗ ಇಲ್ಲ, ಬರೀ ಚಿಲಕ' ಎಂದು ಶಶಿರೇಖಾ ಟೈಪು ಮಾಡಿದಳು. ಕಳಿಸುವ ಮುನ್ನ ಕೈ ನಿಂತಿತು. ಸಿಕ್ತು ಅಂದ್ಕಂಡು ಎತ್ತಾಗಾದ್ರೂ ಎಸೆದುಬಿಟ್ರೆ? ಅತ್ತೆಯ ಆ ಪ್ರಶ್ನೆ ಕೋಣೆಯ ನಡುವೆ ಇನ್ನೂ ನಿಂತಿತ್ತು. ಕಳಿಸದಿದ್ದರೆ? ಮಾವ ಇಂಜೆಕ್ಷನ್ ಇಲ್ಲದೆ ಸೋಮವಾರದಿಂದ ಎಲ್ಲೋ ಬಿದ್ದಿದ್ದಾನೆ. ಯಾರೂ ಹೊಡೆಯದಿದ್ದರೂ ಅವನ ಮೈಯೊಳಗಿನ ಸಕ್ಕರೆಯೇ ಅವನನ್ನು ಮುಗಿಸುತ್ತದೆ.

ಅವಳು ಕಳಿಸಿದಳು.

ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡಳು. ಕೆಳಗೆ ಅಂಗಳ. ಶೇಂಗಾ ಸಿಪ್ಪೆಯ ಗುಡ್ಡೆ, ಅದರಾಚೆ ತುಕ್ಕು ಹಿಡಿದ ತಗಡಿನ ಬಾಗಿಲು. ಮಿಲ್ಲು ಕರೆಂಟಿಗೆ ತಿರುಗಿದ ಮೇಲೆ ಆ ಬಾಗಿಲನ್ನು ಯಾರೂ ತೆರೆದದ್ದಿಲ್ಲ. ಗೇಟಿನಲ್ಲಿ ವಾಚ್‌ಮನ್ ದೊಡ್ಡಪಾಲಯ್ಯ ಬೀಡಿ ಸೇದುತ್ತ ಕೂತಿದ್ದ. ಹೊಸಬರು ಯಾರು ಬಂದರೂ ಒಳಗೆ ಬಿಡು, ಆದರೆ ನನಗೊಂದು ಫೋನ್ ಹಾಕು ಎಂದು ಅವನಿಗೆ ಹೇಳಿಟ್ಟಿದ್ದಳು.

ಬಿಸಿಲು ಏರಿತು. ಹಿಂಡಿ ತುಂಬಿದ ಲಾರಿಯೊಂದು ಹೊರಗೆ ಹೋಯಿತು. ಹಮಾಲಿಯೊಬ್ಬ ಸಿಪ್ಪೆ ಗುಡ್ಡೆಯ ಹಿಂದೆ ನಿಂತು ಉಚ್ಚೆ ಹೊಯ್ದು ಹೋದ. ಅವನು ತಿರುಗಿ ನಡೆಯುವವರೆಗೆ ಶಶಿರೇಖಾ ಉಸಿರು ಬಿಡಲಿಲ್ಲ. ಮುದ್ದಕ್ಕ ಡಬ್ಬಿ ತೆರೆದು ಬಟ್ಟೆಗೆ ನೀರು ಚಿಮುಕಿಸಿ ಮತ್ತೆ ಮುಚ್ಚಿದಳು. ಊಟ ಯಾರಿಗೂ ಬೇಕಿರಲಿಲ್ಲ.

ಫೋನು ರಿಂಗಾಯಿತು. ದೊಡ್ಡಪಾಲಯ್ಯ.

"ಹೊಸಬ್ರು ಯಾರೂ ಇಲ್ಲಕ್ಕ. ನಿಮ್ಮ ಮೇಷ್ಟ್ರು ಬಂದವ್ರೆ, ನಾಯಕನಹಟ್ಟಿಯವ್ರು. ಮ್ಯಾಲಕ್ಕೆ ಬರ್ತಾವ್ರೆ."

ಶಶಿರೇಖಾ ಸ್ಟೂಲಿನಿಂದ ಎದ್ದಳು.

ಬರುವವರು ಬಾಯ್ಲರ್ ರೂಮಿಗೆ ಬರುತ್ತಾರೆ ಎಂದುಕೊಂಡಿದ್ದಳೇ ಹೊರತು ಮಹಡಿ ಹತ್ತಿ ನೇರ ತನ್ನ ಮುಂದೆಯೇ ಬರುತ್ತಾರೆಂದು ಎಣಿಸಿರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆಗಳು ನಿಧಾನಕ್ಕೆ ಏರುತ್ತಿದ್ದವು. ಒಂದು ಹೆಜ್ಜೆ, ತಡವರಿಕೆ, ಇನ್ನೊಂದು ಹೆಜ್ಜೆ. ಹೊತ್ತು ತೆಗೆದುಕೊಂಡು ಬೇಕೆಂದೇ ಹೆದರಿಸುತ್ತಿದ್ದಾರೇನೋ ಅನ್ನಿಸುವಂತೆ.

ಸಿದ್ದಲಿಂಗೇಶ್ ಬಾಗಿಲಲ್ಲಿ ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಕನ್ನಡಕ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು.

"ಶಶಿರೇಖಾ, ಇದೀಯೇನಮ್ಮ?"

"ಇದೀನಿ. ಬನ್ನಿ ಸರ್. ಕಾಯ್ತಾ ಇದ್ದೆ."

ಅವರು ಒಳಗೆ ಬಂದು ನೆಲದ ಮೇಲಿದ್ದ ಮುದ್ದಕ್ಕನ ಬಳೆ ಸದ್ದಾದತ್ತ ಕೈಮುಗಿದರು. "ಚೆನ್ನಾಗಿದೀರಾ ಯರ್ರಮ್ಮನವರೇ?"

ಯರ್ರಮ್ಮ ಶಶಿರೇಖಾಳ ಅವ್ವ. ಮುದ್ದಕ್ಕ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಶಶಿರೇಖಾ ಅದನ್ನು ಗಮನಿಸುವ ಸ್ಥಿತಿಯಲ್ಲಿ ಇರಲಿಲ್ಲ.

"ಮಾವ ಎಲ್ಲಿದಾರೆ ಸರ್?"

"ಯಾರ ಮಾವ?"

"ಗೊತ್ತಿಲ್ಲದವ್ರ ಹಂಗೆ ಮಾತಾಡ್ಬೇಡಿ. ನಮ್ಮ ಸೂರಪ್ಪ ಮಾವ. ಸೀರೆ ಬೇಕಾ, ತಗಂಡು ಹೋಗಿ. ಕೆಳಗೇ ಐತೆ ಅಂತ ನಿಮಗೇ ಬರ್ದಿದೀನಲ್ಲ. ಆದ್ರೆ ಅವ್ರನ್ನ ಬಿಟ್ಬಿಡಿ. ಇಂಜೆಕ್ಷನ್ ಇಲ್ದೆ ಸತ್ತೋಗ್ತಾರೆ."

ಅವರ ಮುಖದಲ್ಲಿ ಏನೂ ಕದಲಲಿಲ್ಲ. ಒಂದು ಕೈಯಿಂದ ಗಾಳಿಯಲ್ಲಿ ಕುರ್ಚಿಯ ಬೆನ್ನನ್ನು ಹುಡುಕಿ, ಹಿಡಿದು, ಅಂಚಿನಲ್ಲಿ ಕೂತರು.

"ಶಶಿರೇಖಾ, ನೀನು ಏನು ಹೇಳ್ತಿದೀಯೋ ನನಗೆ ಒಂದು ಅಕ್ಷರ ಅರ್ಥ ಆಗ್ತಿಲ್ಲ."

"ಆಗಲ್ಲ? ಹೋದ ತಿಂಗಳು ಟ್ರಂಕಿಗೆ ಬೀಗ ಐತಾ ಅಂತ ಕೇಳಿದ್ದು ಯಾರು? ಆ ಕೋಣೇಲಿ ಯಾರು ಮಲಗ್ತಾರೆ ಅಂತ ಕೇಳಿದ್ದು ಯಾರು? ನಾನೊಬ್ಳು ಪೆದ್ದಿ, ಮೇಷ್ಟ್ರು ಸಂದರ್ಭ ಕೇಳ್ತಾವ್ರೆ ಅಂತ ಮನೆ ನಕ್ಷೆನೇ ಬರ್ದು ಕೊಟ್ಟೆ."

"ನಾನು ಕೇಳ್ದೆನಾ?"

"ನಿಮ್ಮ ಮೇಲ್ ಇಲ್ಲೇ ಐತೆ. ತೋರಿಸ್ಲಾ?"

"ಶಾಂಜಾಂ ಅನ್ನೋ ಪದ ನಾನೇ ಹೇಳಿದ್ದು, ನೆನಪಿದೆ. ಅದು ಒಂದು ಬಣ್ಣದ ಪದ. ಬಣ್ಣದ ಪದಕ್ಕೆ ಬೀಗ ಯಾಕಮ್ಮ ಬೇಕು? ಎಂದಾದ್ರೂ ನಾನು ಹಾಗೆ ಪಾಠ ಮಾಡಿದೀನಾ?"

ಶಶಿರೇಖಾ ಲ್ಯಾಪ್‌ಟಾಪನ್ನು ಎಳೆದು ಅವರ ಮುಖದ ಮುಂದೆ ಹಿಡಿದಳು. "ಓದಿ. ಇವತ್ತಿಂದೂ ಐತೆ, ಅದನ್ನೂ ಓದಿ. ಜೋರಾಗಿ ಓದಿ, ನಮ್ಮತ್ತೆನೂ ಕೇಳ್ಲಿ."

ಅವರು ಓದಲಿಲ್ಲ. ತಲೆ ತುಸು ಬೇರೆ ಕಡೆಗೇ ತಿರುಗಿತ್ತು, ಕಿಟಕಿಯ ಬೆಳಕಿನತ್ತ.

"ಶಶೀ" ಅಂದಳು ಮುದ್ದಕ್ಕ ಮೆಲ್ಲಗೆ. "ಅವ್ರಿಗೆ ಕಣ್ಣು ಕಾಣಂಗಿಲ್ಲ ಕಣೆ."



ಸಿದ್ದಲಿಂಗೇಶ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿ ಏನೂ ಉಪಯೋಗವಿಲ್ಲವೆಂದು ತಿಳಿದವರು ಒರೆಸುವ ಹಾಗೆ.

"ನರ ಒಣಗಿದೆ ಅಂದ್ರು ಡಾಕ್ಟ್ರು. ಈಗ ಬೆಳಕು ಯಾವ ಕಡೆ ಅಂತ ಗೊತ್ತಾಗತ್ತೆ, ಅಷ್ಟೇ. ನಿನಗೆ ಹೇಳಬೇಕು ಅಂತ ಅಂದ್ಕೊಳ್ತಾನೇ ಇದ್ದೆ. ಓದೋಕಾಗದ ಮೇಷ್ಟ್ರನ್ನ ಯಾರು ಪದ ಕೇಳ್ತಾರೆ? ನಿನ್ನದೊಂದು ಪ್ರಶ್ನೆ ಬಂದ್ರೆ ಆವತ್ತು ನನಗೆ ಹಬ್ಬ. ಅದು ನಿಂತು ಹೋಗತ್ತಲ್ಲ ಅಂತ ಹೇಳಲಿಲ್ಲ."

"ಮತ್ತೆ ಮೇಲ್‌ಗಳು?"

"ಓದಿ ಹೇಳ್ತಾರೆ. ನಾನು ಉತ್ತರ ಹೇಳ್ತೀನಿ, ಅಕ್ಷರ ಅಕ್ಷರ ಬಿಡಿಸಿ. ಟೈಪ್ ಮಾಡಿ ಕಳಿಸ್ತಾರೆ."

"ಇವತ್ತಿನ ಪ್ರಶ್ನೆ?"

"ಇವತ್ತು ನನಗೆ ಯಾರೂ ಏನೂ ಓದಿ ಹೇಳಿಲ್ಲ."

ಶಶಿರೇಖಾ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಳು. ಎಷ್ಟು ಮೆಲ್ಲಗೆ ಇಟ್ಟಳೆಂದರೆ ಅದು ಒಡೆಯುವ ಮೊಟ್ಟೆಯೇನೋ ಅನ್ನುವ ಹಾಗೆ. ಹೋದ ತಿಂಗಳು ಆ ವಾಕ್ಯವನ್ನು ಓದಿದವರು ಲೋಕದಲ್ಲಿ ಇಬ್ಬರಲ್ಲ, ಮೂವರು.

"ಯಾರು ಓದಿ ಹೇಳ್ತಾರೆ ಸರ್?"

"ನಮ್ಮಕ್ಕನ ಮಗ. ಬಾಲರಾಜು. ನನ್ನ ಜೊತೆಗೇ ಇರೋದು. ಗೂಡ್ಸ್ ಆಟೋ ಓಡಿಸ್ತಾನೆ, ಮೊಳಕಾಲ್ಮೂರಿಂದ ಸೀರೆ ಗಂಟು ತರ್ತಾನೆ. ಒಳ್ಳೆ ಹುಡುಗ. ಇವತ್ತು ಅವನೇ ಹೊರಡಿಸಿದ. ಚಳ್ಳಕೆರೇಲಿ ಕಣ್ಣಿನ ಡಾಕ್ಟ್ರು ಬಂದಿದಾರಂತೆ ನಡಿ ಮಾವ, ಹಾಗೇ ನಿನ್ ಶಿಷ್ಯೆ ಮನೇಲಿ ಒಂದು ಗಳಿಗೆ ಕೂತಿರು, ನಾನು ಗಾಡಿಗೆ ಗಾಳಿ ಹಾಕಿಸ್ಕೊಂಡು ಬರ್ತೀನಿ ಅಂದ."

"ಈಗೆಲ್ಲಿದಾನೆ?"

"ಮೆಟ್ಟಿಲ ಹತ್ರ ಬಿಟ್ಟು ಹೋದ. ಕೆಳಗೇ ಇರಬೇಕು."

ಶಶಿರೇಖಾ ಕಿಟಕಿಗೆ ಹಾರಿದಳು.

ಎಷ್ಟು ಹೊತ್ತು ಆ ಕಡೆ ನೋಡಿರಲಿಲ್ಲ? ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಅಷ್ಟರಲ್ಲಿ ಸಿಪ್ಪೆ ಗುಡ್ಡೆಯ ಪಕ್ಕ ಹಳದಿ ಗೂಡ್ಸ್ ಆಟೋವೊಂದು ಬಂದು ನಿಂತಿತ್ತು. ಬಾಯ್ಲರ್ ರೂಮಿನ ತಗಡಿನ ಬಾಗಿಲು ಹಾರುಹೊಡೆದಿತ್ತು. ಒಳಗಿನ ಕತ್ತಲಲ್ಲಿ ಟಾರ್ಚಿನ ಬೆಳಕು ಅತ್ತಿಂದಿತ್ತ ಓಡಾಡುತ್ತಿತ್ತು.

ಪೊಲೀಸರ ನಂಬರು ಒತ್ತಿದಳು. ಮಾತಾಡಿದಳು. ಹೆಸರು, ಗಾಡಿ, ಮಿಲ್ಲು. ಬರ್ತೀವಿ, ಅಲ್ಲೇ ಇರಿ, ಕೆಳಗಿಳಿಯಬೇಡಿ ಅಂದರು ಅಲ್ಲಿಂದ. ಬಾಲರಾಜು ಹುಡುಕಲಿ, ಹುಡುಕುತ್ತಲೇ ಇರಲಿ ಎಂದು ಅವಳು ಹಲ್ಲು ಕಚ್ಚಿ ಬೇಡಿಕೊಂಡಳು. ಅಲ್ಲಿ ಬೂದಿಯಿದೆ, ಇಲಿಯಿದೆ, ಹಳೆ ಪೈಪುಗಳಿವೆ. ಏನೂ ಸಿಗದೆ ಹೊತ್ತು ಹೋಗುತ್ತದೆ. ಜೀಪು ಬರುವವರೆಗೆ ಆ ಹೊತ್ತು ಸಾಕು.

"ಏನಾಗ್ತಿದೆ?" ಸಿದ್ದಲಿಂಗೇಶ್ ಕೇಳಿದರು. "ಶಶಿರೇಖಾ, ಬಾಲು ಏನು ಮಾಡ್ತಿದಾನೆ?"



ಟಾರ್ಚು ಆರಿತು. ಬಾಲರಾಜು ಹೊರಗೆ ಬಂದ. ಮೂವತ್ತರ ಆಸುಪಾಸಿನ ತೆಳ್ಳನೆಯ ಆಳು. ಅಂಗಿಯೆಲ್ಲ ಬೂದಿ. ಎರಡೂ ತೋಳಿನಲ್ಲಿ, ಮಗು ಹಿಡಿದ ಹಾಗೆ, ಗೋಣಿ ಚೀಲ ಸುತ್ತಿದ ಒಂದು ಗಂಟು ಹಿಡಿದಿದ್ದ. ಬಿಸಿಲಿಗೆ ಬಂದವನೇ ಗೋಣಿಯ ಬಾಯಿ ಸರಿಸಿ ನೋಡಿದ.

ಹಸಿರು. ಅವನು ಕೈ ತಿರುಗಿಸಿದ. ನೀಲಿ.

"ಅಯ್ಯೋ" ಅಂದಳು ಮುದ್ದಕ್ಕ. ಅವಳ ಉಗುರು ಶಶಿರೇಖಾಳ ತೋಳಿಗೆ ನಾಟಿತ್ತು. "ಅದು ನಮ್ಮನೇದೇ ಕಣೆ. ಆ ಅಂಚು ನಮ್ಮನೇದೇ. ನೀನು ಅಲ್ಲಿಲ್ಲ ಅಂದ್ಯಲ್ಲೇ! ಸುಮ್ನೆ ಬರ್ದೆ ಅಂದ್ಯಲ್ಲೇ!"

ಸುಮ್ಮನೆಯೇ ಬರೆದಿದ್ದಳು. ಕಿಟಕಿಯಿಂದ ಸದಾ ತನ್ನ ಕಣ್ಣಿಗೆ ಬೀಳುವ ಜಾಗವೆಂದು ಬರೆದಿದ್ದಳು. ಹೋದ ವಾರ ಮಾವ ಚಳ್ಳಕೆರೆಗೆ ನೂಲು ತರಲು ಬಂದವನು ಮಹಡಿ ಹತ್ತದೆ, ಕೆಳಗಿನಿಂದಲೇ 'ಕೆಲಸ ಮಾಡ್ಕೋ ತಾಯಿ' ಎಂದು ಕೂಗಿ ಹೋಗಿದ್ದ. ಯಾಕೆ ಹತ್ತಲಿಲ್ಲ ಎಂದು ಅವಳು ಕೇಳಿರಲಿಲ್ಲ. ತನ್ನ ಸೊಸೆಯ ಕಣ್ಣಿಗೆ ಸದಾ ಬೀಳುವ ಜಾಗವನ್ನು ಅವನೂ ಹುಡುಕಿಕೊಂಡಿದ್ದ.

ಅವಳು ಕಿಟಕಿಯ ಸರಳಿಗೆ ಮುಖ ಒತ್ತಿ ಕೂಗಿದಳು. "ದೊಡ್ಡಪಾಲಯ್ಯ! ಗೇಟ್ ಹಾಕು! ಗೇಟ್!"

ಯಂತ್ರಗಳು ಆ ಕೂಗನ್ನು ಶೇಂಗಾ ನುಂಗಿದ ಹಾಗೆ ನುಂಗಿದವು. ಬಾಲರಾಜು ಗಂಟನ್ನು ಸೀಟಿನ ಮೇಲಿಟ್ಟು ಆಟೋ ಶುರು ಮಾಡಿದ. ದೊಡ್ಡಪಾಲಯ್ಯ ಎದ್ದು ನಿಂತು, ಮೇಷ್ಟ್ರ ಜೊತೆ ಬಂದವನೆಂದು ಗೇಟನ್ನು ಇನ್ನಷ್ಟು ಅಗಲ ತೆರೆದು, ಬೀಡಿಯ ಕೈ ಎತ್ತಿ ಸಲಾಮು ಹೊಡೆದ.

ಮುದ್ದಕ್ಕ ಡಬ್ಬಿ ಅಪ್ಪಿಕೊಂಡು ಮೆಟ್ಟಿಲಿಳಿದು ಓಡಿದಳು. ಶಶಿರೇಖಾ ಅವಳ ಹಿಂದೆ ಬಾಗಿಲವರೆಗೆ ಓಡಿದ್ದಳು. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಅದುರಿತು. ಗೊತ್ತಿಲ್ಲದ ನಂಬರು. ಪೊಲೀಸರಿರಬೇಕು.

"ಹೇಳಿ! ಬೇಗ ಬನ್ನಿ, ಬಳ್ಳಾರಿ ರಸ್ತೆ ಕಡೆ ಹೊರಟಿದಾನೆ, ಹಳದಿ..."

"ಶಶೀ."

ಪಿಸುದನಿ. ಬಾಯಿ ಒಣಗಿದವನ ದನಿ. ಅವಳು ಇನ್ನೊಂದು ಕಿವಿಗೆ ಬೆರಳು ತುರುಕಿಕೊಂಡು ಗೋಡೆಗೆ ಒತ್ತಿ ನಿಂತಳು.

"ಮಾವ! ಮಾವ, ಎಲ್ಲಿದೀರಾ?"

"ಗೊತ್ತಿಲ್ಲ ಕಣವ್ವ. ಕಣ್ಣು ಮಂಜಾಗ್ತೈತೆ. ಈರುಳ್ಳಿ ವಾಸ್ನೆ ಹೊಡೀತೈತೆ, ಯಾವ್ದೋ ಗೋಡೌನು. ಕಾಯೋನು ಫೋನ್ ಬಿಟ್ಟು ಹೊರಗೆ ಹೋಗವ್ನೆ, ಬಂದ್ಬಿಡ್ತಾನೆ. ಕೇಳಿಲ್ಲಿ. ನಿನ್ನನ್ನೂ ಕೇಳ್ತಾರೆ ಅವ್ರು. ಏನೇನೋ ನೆಪ ಮಾಡ್ಕಂಡು ಕೇಳ್ತಾರೆ."

"ಮಾವ..."

"ಹೊಡದ್ರು, ನೀರು ಕೊಡ್ದೆ ಬಿಟ್ರು. ನಾನು ಹೇಳಿಲ್ಲ. ಸೀರೆ ಸಿಗೋತನಕ ನನ್ನ ಜೀವ ತೆಗ್ಯಲ್ಲ ಅವ್ರು, ಅಷ್ಟು ಗೊತ್ತಾಗೈತೆ ನಂಗೆ. ಅದೊಂದೇ ಇರೋದು ನನ್ ಕೈಯಾಗೆ." ಆ ದನಿ ಇನ್ನಷ್ಟು ಇಳಿಯಿತು. "ನಿಮ್ ಮಿಲ್ಲಿನಾಗೇ ಐತೆ ಕಣೆ, ನಿನ್ ಕಿಟಕಿ ಕೆಳಗೇ. ಯಾರು ಏನೇ ಕೇಳ್ಲಿ, ನೀನೂ ಹೇಳ್ಬ್ಯಾಡ."

ಗೇಟಿನಾಚೆ ಧೂಳು ಎದ್ದು, ನಿಧಾನವಾಗಿ ಕೂತುಕೊಳ್ಳುತ್ತಿತ್ತು. ಆಟೋ ಕಾಣುತ್ತಿರಲಿಲ್ಲ.

"ಶಶೀ, ಕೇಳ್ತಾ? ಹೇಳಲ್ಲ ತಾನೆ?"